ಮುದಿಮರದ ಪೊಟರೆ, ಕೆಂಪುತಲೆಯ ಕಾಕಟೂ

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ರೆಡ್ ಹಿಲ್ ಗುಡ್ಡದ ಸುತ್ತ ಡೀಕಿನ್, ಹ್ಯೂಸ್, ಗ್ಯಾರನ್ ಎಂಬ ಬಡಾವಣೆಗಳಿವೆ. ಸೆಪ್ಟೆಂಬರ್ ಬಂತೆಂದರೆ ಇಲ್ಲಿ ಕೆಲವರು ರಸ್ತೆಗಿಂತ ಜಾಸ್ತಿ ಮರದ ಕೊಂಬೆಗಳನ್ನೇ ನೋಡುತ್ತಾ ನಡೆಯುತ್ತಾರೆ. ಕೊರಳಲ್ಲಿ ಬೈನಾಕ್ಯುಲರ್, ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್. ನಾನೂ ಆ ಗುಂಪಿನವಳೇ. ನಾವು ಹುಡುಕುವುದು ಗ್ಯಾಂಗ್-ಗ್ಯಾಂಗ್ ಕಾಕಟೂಗಳ ಗೂಡನ್ನು.

ಕಾಕಟೂ ಅಂದಕೂಡಲೇ ಊರಿನ ಕಡೆಯವರಿಗೆ ನೆನಪಾಗುವುದು ಬಿಳಿ ಮೈ, ಹಳದಿ ಜುಟ್ಟಿನ ದೊಡ್ಡ ಗಿಳಿ. ಪಂಜರದಲ್ಲೋ ಸಿನಿಮಾದಲ್ಲೋ ನೋಡಿರುತ್ತೇವೆ. ಆಸ್ಟ್ರೇಲಿಯಾದ ಪೂರ್ವ ಭಾಗದಲ್ಲಿ ಅದು ಬೀದಿಯ ಹಕ್ಕಿ. ಸಿಡ್ನಿಯಲ್ಲಿ ಬಾಲ್ಕನಿಯ ಮರದ ಕಟಾಂಜನವನ್ನೇ ಕಚ್ಚಿ ಪುಡಿ ಮಾಡುತ್ತದೆ. ಕಸದ ಡಬ್ಬಿಯ ಮುಚ್ಚಳ ಎತ್ತಿ ಒಳಗಿನದನ್ನು ತಿನ್ನುವುದನ್ನೂ ಕಲಿತಿದೆ. ಒಂದು ಹಕ್ಕಿ ಮಾಡಿದ್ದನ್ನು ಇನ್ನೊಂದು ನೋಡಿ ಕಲಿಯುತ್ತದೆ. 2018ಕ್ಕೆ ಮೊದಲು ಮೂರು ಬಡಾವಣೆಗಳಿಂದ ಮಾತ್ರ ಈ ಸುದ್ದಿ ಬಂದಿತ್ತು. 2019ರ ಕೊನೆಯ ಹೊತ್ತಿಗೆ ಅದು 44 ಬಡಾವಣೆಗಳಿಗೆ ಹರಡಿತ್ತು. ಅಲ್ಲಿನ ನಿವಾಸಿಗಳು ಕಂಡದ್ದನ್ನು ಬರೆದು ಕಳಿಸಿದ್ದರಿಂದಲೇ ಇದು ಗೊತ್ತಾಯಿತು. ಆ ಅಧ್ಯಯನ 2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಗ್ಯಾಂಗ್-ಗ್ಯಾಂಗ್ ಹಾಗಲ್ಲ. ಗಾತ್ರ ಸಣ್ಣದು, ಸ್ವಭಾವ ಮೆದು. ಮೈಯೆಲ್ಲ ಬೂದು ಬಣ್ಣ. ಗಂಡಿಗೆ ಮಾತ್ರ ತಲೆ ಪೂರ್ತಿ ಕೆಂಪು, ಮೇಲೆ ಗಾಳಿಗೆ ಹಾರಾಡುವ ತೆಳು ಜುಟ್ಟು. ಹೆಣ್ಣಿನ ತಲೆಯೂ ಬೂದು, ಎದೆಯ ಗರಿಗಳ ಅಂಚಿಗೆ ಕಿತ್ತಳೆ ಮತ್ತು ಹಳದಿ ಗೆರೆಗಳು. ಹಾರುವಾಗ ಕಿರ್ರ್ ಎಂದು ಶುರುವಾಗಿ ಕೊನೆಯಲ್ಲಿ ಮೇಲೇರುವ ದನಿ. ತಿನ್ನುವಾಗ ಮಾತ್ರ ಸದ್ದೇ ಇಲ್ಲ. ಎಷ್ಟೋ ಸಲ ಹಕ್ಕಿ ಕಾಣುವ ಮೊದಲು ಅದು ಕಡಿದು ಬಿಟ್ಟ ಕಾಯಿಯ ಚೂರುಗಳು ತರಗೆಲೆಯ ಮೇಲೆ ಟಪ್ ಟಪ್ ಎಂದು ಬೀಳುವುದು ಕೇಳಿಸುತ್ತದೆ. ತಲೆ ಎತ್ತಿದರೆ ನಾಲ್ಕೈದು ಹಕ್ಕಿಗಳು ಎಡಗಾಲಿನಲ್ಲಿ ಕಾಯಿ ಹಿಡಿದುಕೊಂಡು ತಮ್ಮ ಪಾಡಿಗೆ ತಿನ್ನುತ್ತಿರುತ್ತವೆ. ನಮ್ಮನ್ನು ನೋಡಿದರೂ ಹಾರಿಹೋಗುವುದಿಲ್ಲ. ಆ ನಂಬಿಕೆಗೇ ನಾನು ಸೋತದ್ದು.

2022ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇಕಡಾ 69ರಷ್ಟು ಕುಸಿದಿದೆ ಎಂಬ ಅಂದಾಜು ಅದಕ್ಕೆ ಕಾರಣ. ಅದರ ಮೇಲೆ 2019–20ರ ಕಾಳ್ಗಿಚ್ಚು. ಇವು ಬದುಕುವ ಪ್ರದೇಶದ ದೊಡ್ಡ ಪಾಲು ಆ ಒಂದೇ ಬೇಸಿಗೆಯಲ್ಲಿ ಸುಟ್ಟುಹೋಯಿತು. ಇಷ್ಟಾದರೂ ಕ್ಯಾನ್‌ಬೆರಾದಲ್ಲಿ ಇವು ಮನೆಯಂಗಳಕ್ಕೆ ಬರುತ್ತವೆ. ಬೇಲಿಯ ಹಾಥಾರ್ನ್ ಗಿಡದ ಕೆಂಪು ಹಣ್ಣು ತಿನ್ನುತ್ತವೆ, ತೊಟ್ಟಿಯ ನೀರು ಕುಡಿಯುತ್ತವೆ. 1997ರಿಂದ ಇದು ಈ ರಾಜಧಾನಿ ಪ್ರದೇಶದ ಲಾಂಛನದ ಹಕ್ಕಿ. ಇಲ್ಲಿನ ಪಕ್ಷಿವೀಕ್ಷಕರ ಸಂಘ ತನ್ನ ಐವತ್ತನೇ ವರ್ಷದ ನೆನಪಿಗೆ 2014ರಲ್ಲಿ ಶುರುಮಾಡಿದ್ದೂ ಗ್ಯಾಂಗ್-ಗ್ಯಾಂಗ್ ಎಣಿಕೆಯನ್ನೇ. ಊರಿನ ಜನರೇ ನೋಡಿ ಬರೆದುಕೊಟ್ಟ ಎಣಿಕೆ ಅದು.

ಎಣಿಸುವುದು ಸುಲಭ. ಗೂಡು ಹುಡುಕುವುದು ಬೇರೆಯೇ ಕೆಲಸ. ಯಾಕೆಂದರೆ ಕಾಕಟೂ ಗೂಡು ಕಟ್ಟುವುದಿಲ್ಲ. ಅದಕ್ಕೆ ಪೊಟರೆ ಬೇಕು. ಪೊಟರೆಯನ್ನು ತಾನೇ ಕೊರೆದುಕೊಳ್ಳಲೂ ಅದಕ್ಕೆ ಬರುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನನಗೆ ಅಚ್ಚರಿ ತಂದ ಸಂಗತಿ ಒಂದಿದೆ. ಈ ಇಡೀ ಖಂಡದಲ್ಲಿ ಮರಕುಟಿಗ ಇಲ್ಲ. ನಮ್ಮಲ್ಲಿ ಮರಕುಟಿಗವೋ ಕುಟ್ರುಹಕ್ಕಿಯೋ ಕೊಂಬೆಯಲ್ಲಿ ತೂತು ಕೊರೆಯುತ್ತದೆ. ಅವು ಬಿಟ್ಟುಹೋದ ತೂತಿಗೆ ಮುಂದಿನ ವರ್ಷ ಗಿಳಿಯೋ ಗೊರವಂಕವೋ ಬಂದು ಸೇರುತ್ತದೆ. ಬೆಂಗಳೂರಿನ ಹಳೆಯ ಸಾಲುಮರಗಳಲ್ಲಿ ಇದನ್ನು ಯಾರು ಬೇಕಾದರೂ ನೋಡಬಹುದು. ಇಲ್ಲಿ ಹಾಗೆ ಕೊರೆದುಕೊಡುವ ಹಕ್ಕಿಯೇ ಇಲ್ಲ. ಗಾಳಿಗೆ ಕೊಂಬೆ ಮುರಿಯಬೇಕು. ಮುರಿದ ಜಾಗಕ್ಕೆ ಶಿಲೀಂಧ್ರ ಹತ್ತಬೇಕು. ಒಳಗಿನ ತಿರುಳನ್ನು ಗೆದ್ದಲು ತಿನ್ನಬೇಕು. ಕೆಲವೊಮ್ಮೆ ಬೆಂಕಿಯೂ ಕೈ ಹಾಕುತ್ತದೆ. ಹೀಗೆ ಒಂದು ಸಣ್ಣ ಪೊಟರೆ ಆಗುವುದಕ್ಕೇ ನೀಲಗಿರಿ ಜಾತಿಯ ಮರಗಳಲ್ಲಿ ನೂರು ವರ್ಷ ಹಿಡಿಯುತ್ತದೆ. ಕಾಕಟೂ ಹಿಡಿಸುವಷ್ಟು ದೊಡ್ಡದು ಬೇಕೆಂದರೆ ಇನ್ನೂ ಎಷ್ಟೋ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಪ್ರಾಣಿಪಕ್ಷಿಗಳು ಇಂಥ ಪೊಟರೆಗಳನ್ನು ನಂಬಿವೆ.

ನೀಲಗಿರಿ ಮರ ನಮಗೆ ಹೊಸದೇನಲ್ಲ. ಭಾರತದಲ್ಲಿ ಇದನ್ನು ಮೊದಲು ನೆಟ್ಟದ್ದು 1790ರ ಸುಮಾರಿಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟದಲ್ಲಿ ಎನ್ನುತ್ತಾರೆ. ಆಮೇಲೆ ಕೋಲಾರದ ಕಡೆ, ಬೆಂಗಳೂರಿನ ಸುತ್ತ ತೋಪುಗಳೇ ಎದ್ದವು. ಆದರೆ ನಾವು ನೋಡಿದ ನೀಲಗಿರಿಗೆ ಮುಪ್ಪು ಬಂದದ್ದಿಲ್ಲ. ಸಪೂರ ಕಾಂಡ ಎದ್ದು ನಿಂತ ಕೆಲವೇ ವರ್ಷಕ್ಕೆ ಗಳಕ್ಕೋ ಕಾಗದಕ್ಕೋ ಕಡಿದು ಲಾರಿಗೆ ಏರಿಸುತ್ತೇವೆ. ಅಂತರ್ಜಲದ ಚಿಂತೆಯಿಂದ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನೂ ನಿಲ್ಲಿಸಿತು, ಅದು ಸರಿಯೇ. ಆದರೆ ಅದರ ತವರಿಗೆ ಬಂದು ಇನ್ನೂರು ವರ್ಷ ದಾಟಿದ ಯೆಲ್ಲೋ ಬಾಕ್ಸ್ ಮರದ ಕೆಳಗೆ ನಿಂತಾಗ ಇದೂ ಅದೇ ಕುಲದ ಮರವೇ ಅನ್ನಿಸಿತು. ತಬ್ಬಿದರೆ ಕೈಗೆ ಸಿಗದ ಕಾಂಡ, ಅರ್ಧ ಒಣಗಿದ ನೆತ್ತಿ, ಮುರಿದ ಕೊಂಬೆಗಳ ತುದಿಯಲ್ಲೆಲ್ಲ ಕಪ್ಪು ಬಾಯಿಗಳು.

ಅಮ್ಮ ಶಿವಮೊಗ್ಗದಿಂದ ಬಂದಿದ್ದಾಗ ಅಂಥದ್ದೇ ಒಂದು ಮರದ ಹತ್ತಿರ ಕರೆದುಕೊಂಡು ಹೋಗಿದ್ದೆ. ಅದು ಪೂರ್ತಿ ಸತ್ತ ಮರ.

"ಒಣಗಿ ನಿಂತಿದೆ ಅಲ್ವಾ, ಇನ್ನೂ ಯಾಕೆ ಕಡಿದಿಲ್ಲ?" ಅಂದಳು ಅಮ್ಮ.

"ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ ಅಮ್ಮ, ಮೇಲೆ ನೋಡ್ತಾ ಇರು."

ಕೂತೆವು. ಒಂದು ಪೊಟರೆಯಿಂದ ಗುಲಾಬಿ ಎದೆಯ ಗಲಾ ಎಂಬ ಕಾಕಟೂ ಹೊರಬಂತು. ಅದರ ಕೆಳಗಿನದಕ್ಕೆ ಕೆಂಪು ರೊಸೆಲ್ಲಾ ಗಿಳಿ ನುಗ್ಗಿತು. ಇನ್ನೊಂದು ಬಾಯಿಯ ತುಂಬ ಜೇನುನೊಣ. ಬುಡದ ಸೀಳಿನಲ್ಲಿ ಹಲ್ಲಿ ಜಾತಿಯದ್ದು ಏನೋ ಸರಿದಾಡಿತು. ಅಮ್ಮ ಬೆರಳು ಮಡಚಿ ಎಣಿಸಿದಳು. "ಇದು ಮರ ಅಲ್ಲ ಕಣೇ, ವಠಾರ" ಅಂದಳು. ಊರಿಗೆ ಹೋದ ಮೇಲೂ ಫೋನಿನಲ್ಲಿ ಒಮ್ಮೊಮ್ಮೆ ಆ ಮರವನ್ನು ವಿಚಾರಿಸಿಕೊಳ್ಳುತ್ತಾಳೆ.

ಕ್ಯಾನ್‌ಬೆರಾ ಪಟ್ಟಣಕ್ಕೆ ಅಡಿಗಲ್ಲು ಬಿದ್ದದ್ದು 1913ರಲ್ಲಿ. ಅಂದರೆ ಈ ಪೊಟರೆಗಳಿರುವ ಮರಗಳು ಊರಿಗಿಂತ ಹಳೆಯವು. ಕುರಿ ಮೇಯುವ ಬಯಲಿನಲ್ಲಿದ್ದ ಮರಗಳು ಬಡಾವಣೆ ಬೆಳೆದಂತೆ ಪಾರ್ಕಿನಲ್ಲಿ, ಶಾಲೆಯ ಆವರಣದಲ್ಲಿ, ರಸ್ತೆಯ ಅಂಚಿನಲ್ಲಿ ಸಿಕ್ಕಿಕೊಂಡವು. ನಗರದ ಗುಡ್ಡಗಳನ್ನು ಕಟ್ಟಡಕ್ಕೆ ಬಿಡದೆ ಕಾಡಾಗಿಯೇ ಉಳಿಸಿಕೊಂಡದ್ದರಿಂದ ಅಲ್ಲಿಯವೂ ಉಳಿದವು. ಅಪರೂಪದ ಕಾಕಟೂ ಬಡಾವಣೆಯಲ್ಲಿ ಮರಿ ಮಾಡುತ್ತದೆ ಎಂದರೆ ಅದಕ್ಕೆ ಪಟ್ಟಣ ಇಷ್ಟ ಅಂತ ಅರ್ಥವಲ್ಲ. ಅದಕ್ಕೆ ಬೇಕಾದ ಮುದಿಮರ ಇಲ್ಲಿದೆ, ಅಷ್ಟೇ.

ಇನ್ನು ಹುಡುಕುವ ಬಗೆ. ಚಳಿ ಮುಗಿಯುತ್ತಿದ್ದಂತೆ ಜೋಡಿಗಳು ಪೊಟರೆ ನೋಡಲು ಶುರುಮಾಡುತ್ತವೆ. ಒಂದು ಬಾಯಿಯ ಹತ್ತಿರ ಕೂರುವುದು, ತಲೆ ಒಳಗೆ ಹಾಕುವುದು, ಅಂಚನ್ನು ಕಚ್ಚಿ ಸಿಪ್ಪೆ ಎಬ್ಬಿಸುವುದು, ಆಮೇಲೆ ಇನ್ನೊಂದು ಮರಕ್ಕೆ ಹೋಗುವುದು. ಹೊಸಬರು ಇಲ್ಲಿಯೇ ಗೂಡು ಸಿಕ್ಕಿತೆಂದು ಕುಣಿಯುತ್ತಾರೆ. ಆದರೆ ನೋಡಿದ್ದೆಲ್ಲ ಗೂಡಾಗುವುದಿಲ್ಲ. ಒಂದೇ ಪೊಟರೆಯನ್ನು ಒಂದಕ್ಕಿಂತ ಹೆಚ್ಚು ಜೋಡಿ ಬಂದು ನೋಡುವುದುಂಟು. ಅವುಗಳಲ್ಲಿ ಹೆಚ್ಚಿನವು ಅಲ್ಲಿ ಮೊಟ್ಟೆ ಇಡುವುದೇ ಇಲ್ಲ. ಹಾಗಾಗಿ ಈ ಹಂತದಲ್ಲಿ ನಾವು ಬರೆದುಕೊಳ್ಳುವುದು 'ನೋಡಿತು' ಎಂದಷ್ಟೇ. ಯಾವ ಮರ, ಯಾವ ದಿಕ್ಕಿನ ಕೊಂಬೆ, ಎಷ್ಟು ಹೊತ್ತು, ಗಂಡೋ ಹೆಣ್ಣೋ, ಒಳಗೆ ಪೂರ್ತಿ ಇಳಿಯಿತೋ ಇಲ್ಲವೋ.

ಮರದ ಬುಡವನ್ನೂ ನೋಡಬೇಕು. ಗ್ಯಾಂಗ್-ಗ್ಯಾಂಗ್ ಒಳಗೆ ಹುಲ್ಲುಕಡ್ಡಿ ಹಾಸುವುದಿಲ್ಲ. ಪೊಟರೆಯ ಒಳಗೋಡೆಯನ್ನೇ ಕಚ್ಚಿ, ಉದುರಿದ ಚೂರು ಮತ್ತು ಹುಡಿಯ ಮೇಲೆ ಮೊಟ್ಟೆ ಇಡುತ್ತದೆ. ಅದಕ್ಕೇ ಬುಡದಲ್ಲಿ ಹೊಸ ಮರದ ಚೂರು ಬಿದ್ದಿದ್ದರೆ ಕಿವಿ ನೆಟ್ಟಗಾಗುತ್ತದೆ. ಬಾಯಿಯ ಅಂಚು ಕಚ್ಚಿ ಕಚ್ಚಿ ತಿಳಿಬಣ್ಣಕ್ಕೆ ಬಂದಿದ್ದರೂ ಅದು ಸುಳಿವೇ. ಬೆರಳುದ್ದದ ಹಸಿರು ಎಲೆಯ ಕಡ್ಡಿಯನ್ನು ಕೊಕ್ಕಿನಲ್ಲಿ ಹಿಡಿದು ಒಳಗೆ ಹೋಗುವ ಹಕ್ಕಿ ಕಂಡರೆ ಅದು ಗಲಾ. ಎಲೆ ಹಾಸುವುದು ಅದರ ಪದ್ಧತಿ.

ಅಕ್ಟೋಬರ್ ಕಳೆಯುತ್ತಿದ್ದಂತೆ ಒಂದು ಬದಲಾವಣೆ ಆಗುತ್ತದೆ. ಅದುವರೆಗೆ ಸದಾ ಜೊತೆಗಿದ್ದ ಜೋಡಿಯಲ್ಲಿ ಒಂದೇ ಹಕ್ಕಿ ಕಾಣಿಸತೊಡಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ಇದು. ಕಾಣದಿರುವ ಹಕ್ಕಿಯೇ ಇಲ್ಲಿ ಸುದ್ದಿ. ಗ್ಯಾಂಗ್-ಗ್ಯಾಂಗ್‌ಗಳಲ್ಲಿ ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಕಪ್ಪು ಕಾಕಟೂಗಳಲ್ಲಿ ಹಾಗಿಲ್ಲ. ಅಲ್ಲಿ ಹೆಣ್ಣು ಒಳಗೇ ಕೂತಿರುತ್ತದೆ, ಗಂಡು ತಿನಿಸು ತಂದುಕೊಡುತ್ತದೆ. ಇವು ಮಾತ್ರ ಸರದಿಯಲ್ಲಿ ಕೂರುತ್ತವೆ. ಹೊರಗಿದ್ದದ್ದು ಹತ್ತಿರದ ಕೊಂಬೆಗೆ ಬಂದು ಮೆಲ್ಲಗೆ ಕಿರ್ರ್ ಅನ್ನುತ್ತದೆ. ಒಳಗಿನದು ತಲೆ ಹೊರಹಾಕುತ್ತದೆ. ಅದು ಹಾರುತ್ತದೆ, ಇದು ಇಳಿಯುತ್ತದೆ. ಎಲ್ಲ ಸೇರಿ ಅರೆ ನಿಮಿಷವೂ ಇಲ್ಲ. ಇದನ್ನೊಮ್ಮೆ ಕಣ್ಣಾರೆ ಕಂಡರೆ ನೋಟ್‌ಬುಕ್‌ನಲ್ಲಿ ಧೈರ್ಯವಾಗಿ 'ಗೂಡು' ಎಂದು ಬರೆಯಬಹುದು.

ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಸುಮಾರು ನಾಲ್ಕು ವಾರ. ಮರಿ ಒಳಗೆ ಇರುವುದು ಮತ್ತೆ ಏಳೆಂಟು ವಾರ. ಜನವರಿಯ ಹೊತ್ತಿಗೆ ಬಾಯಿಯಲ್ಲಿ ಒಂದು ಸಣ್ಣ ಬೂದು ಮುಖ ಕಾಣಿಸುತ್ತದೆ. ಜುಟ್ಟಿನಲ್ಲಿ ಕೆಂಪಿನ ಸುಳಿವಿದ್ದರೆ ಅದು ಗಂಡುಮರಿ ಎಂದು ಆಗಲೇ ಹೇಳಬಹುದು. ಹಾರಿದ ಮೇಲೂ ಕೆಲವು ವಾರ ಅಪ್ಪ ಅಮ್ಮನೇ ಉಣಿಸಬೇಕು.

ಆದರೆ ಎಲ್ಲ ಗೂಡೂ ಅಲ್ಲಿಯವರೆಗೆ ಬರುವುದಿಲ್ಲ. ಪೊಟರೆಗೆ ಇರುವ ಪೈಪೋಟಿ ನೋಡಿದರೆ ಬಂದದ್ದೇ ಹೆಚ್ಚು ಅನ್ನಿಸುತ್ತದೆ. ಬ್ರಷ್‌ಟೇಲ್ ಪಾಸಮ್ ಎಂಬ ಮರವೇರುವ ಚೀಲಹೊಟ್ಟೆಯ ಪ್ರಾಣಿ ಹಗಲಿಡೀ ಅಲ್ಲೇ ಮಲಗಿರುತ್ತದೆ. ಮೊಟ್ಟೆಮರಿಗೂ ಅದರಿಂದ ಅಪಾಯ. ಹಳದಿ ಜುಟ್ಟಿನ ದೊಡ್ಡ ಕಾಕಟೂ ಬಂದು ಕೂತರೆ ಗ್ಯಾಂಗ್-ಗ್ಯಾಂಗ್ ಎದುರು ನಿಲ್ಲಲಾರದು. ಮರಬಾತುಗಳಿಗೂ ಪೊಟರೆಯೇ ಬೇಕು. ಸಾಕಣೆಯಿಂದ ತಪ್ಪಿಸಿಕೊಂಡ ಜೇನಿಗೂ ಬೇಕು. ನಮ್ಮ ಊರಿನ ಗೊರವಂಕವೂ ಈ ಸಾಲಿನಲ್ಲಿದೆ. 1968ರ ಸುಮಾರಿಗೆ ಇದನ್ನು ಕ್ಯಾನ್‌ಬೆರಾಕ್ಕೆ ತಂದು ಬಿಟ್ಟರು, ಈಗ ರೊಸೆಲ್ಲಾಗಳ ಪೊಟರೆಗಳನ್ನು ಅದು ಹಿಡಿಯುತ್ತದೆ. ಬಾಲ್ಯದಲ್ಲಿ ಅಂಗಳದಲ್ಲಿ ಅಕ್ಕಿ ಹೆಕ್ಕುತ್ತಿದ್ದ ಹಕ್ಕಿಯನ್ನು ಇಲ್ಲಿನವರು ಬೈಯುವಾಗ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಆದರೂ ಅವರ ಮಾತು ನಿಜ.

ಒಂದು ವರ್ಷ ನಾನು ನೋಡುತ್ತಿದ್ದ ಬ್ರಿಟಲ್ ಗಮ್ ಎಂಬ ನೀಲಗಿರಿ ಜಾತಿಯ ಮರದಲ್ಲಿ ಕಾವಿನ ಸರದಿ ಚೆನ್ನಾಗಿಯೇ ನಡೆದಿತ್ತು. ಮರಿಯ ದನಿ ಕೇಳಬೇಕಾದ ವಾರದಲ್ಲಿ ಜೋಡಿ ಕೊಂಬೆಯ ಮೇಲೆ ಒಟ್ಟಿಗೆ ಕೂತಿತ್ತು. ಎರಡೂ ಹೊರಗೆ, ಪೊಟರೆಯತ್ತ ಮುಖ. ಸ್ವಲ್ಪ ಹೊತ್ತಿಗೆ ಹಾರಿಹೋದವು. ಆಮೇಲೆ ಬರಲಿಲ್ಲ. ಒಳಗೆ ಏನಾಯಿತೆಂದು ತಿಳಿಯಲು ನಾನು ಏಣಿ ಹಾಕಲಿಲ್ಲ, ಹಾಕಲೂಬಾರದು. 'ಕಾವು ನಿಂತಿತು, ಕಾರಣ ಕಾಣಲಿಲ್ಲ' ಎಂದು ಬರೆದೆ. ಆ ಸಾಲು ಬರೆಯುವುದು ಬೇಸರದ ಕೆಲಸ. ಆದರೆ ಯಶಸ್ವಿ ಗೂಡುಗಳ ಲೆಕ್ಕ ಮಾತ್ರ ಇಟ್ಟರೆ ಹಕ್ಕಿ ಸುಖವಾಗಿದೆ ಎಂದು ಕಾಣುತ್ತದೆ. ಸೋತ ಗೂಡಿನ ತಾರೀಖೂ ಬೇಕು.

ಈ ಟಿಪ್ಪಣಿಗಳು ಎಲ್ಲಿಗೆ ಹೋಗುತ್ತವೆ? ನಾವು ಫೋಟೋ ಮತ್ತು ವಿವರವನ್ನು 'ಕ್ಯಾನ್‌ಬೆರಾ ನೇಚರ್ ಮ್ಯಾಪ್' ಎಂಬ ಜಾಲತಾಣಕ್ಕೆ ಹಾಕುತ್ತೇವೆ. ತಿಳಿದವರು ಪರಿಶೀಲಿಸುತ್ತಾರೆ. ಅಪರೂಪದ ಜೀವಿಗಳ ನಿಖರ ಜಾಗವನ್ನು ಅಲ್ಲಿ ಎಲ್ಲರಿಗೂ ತೋರಿಸುವುದಿಲ್ಲ. ಸಿಡ್ನಿಯಲ್ಲಿ 'ಹಾಲೋಸ್ ಆ್ಯಸ್ ಹೋಮ್ಸ್' ಎಂಬ ಯೋಜನೆ ಇದೇ ರೀತಿ ಜನರಿಂದ ಪೊಟರೆಗಳ ವಿವರ ಸಂಗ್ರಹಿಸಿತು. ಅಲ್ಲಿಯೇ 2011ರಿಂದ ಹಳದಿ ಜುಟ್ಟಿನ ಕಾಕಟೂಗಳ ರೆಕ್ಕೆಗೆ ಸಂಖ್ಯೆಯಿರುವ ಬಿಲ್ಲೆ ಹಾಕಿ, ಕಂಡವರಿಂದ ಸುದ್ದಿ ತರಿಸಿಕೊಂಡರು. ಯಾವ ಹಕ್ಕಿ ಯಾವ ಬಡಾವಣೆಗೆ ಹೋಗುತ್ತದೆ ಎಂಬುದು ಹಾಗೆ ಗೊತ್ತಾಯಿತು.

ನನ್ನ ಮಟ್ಟಿಗೆ ಹೇಳುವುದಾದರೆ ಈ ದಾಖಲೆಯ ದೊಡ್ಡ ಉಪಯೋಗ ಹಕ್ಕಿಗಲ್ಲ, ಮರಕ್ಕೆ. ಪೊಟರೆ ಇರುವ ಮುದಿಮರ ಕಾಗದದ ಮೇಲೆ 'ಅಪಾಯಕಾರಿ ಮರ' ಮಾತ್ರ. ಅದರಲ್ಲಿ ಯಾರಿದ್ದಾರೆ ಎಂದು ತಾರೀಖಿನ ಸಮೇತ ಹೇಳುವವರು ಬೇಕು. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಕಾಲುದಾರಿಯ ಮೇಲೆ ಚಾಚಿದ ಒಂದು ದೊಡ್ಡ ಒಣಕೊಂಬೆಯಿತ್ತು. ಗಮ್ ಮರಗಳು ಬಿಸಿಲುಗಾಲದಲ್ಲಿ ಇದ್ದಕ್ಕಿದ್ದಂತೆ ಕೊಂಬೆ ಬೀಳಿಸುತ್ತವೆ, ಕೆಳಗೆ ಮಕ್ಕಳು ಸೈಕಲ್ ಓಡಿಸುತ್ತಾರೆ. ಹೆದರಿಕೆ ಸುಳ್ಳಲ್ಲ. ಆದರೆ ಆ ಕೊಂಬೆಯ ಬುಡದ ಪೊಟರೆಯಲ್ಲಿ ಗ್ಯಾಂಗ್-ಗ್ಯಾಂಗ್ ಮರಿ ಇತ್ತು. ಬೀದಿಯವರೆಲ್ಲ ಸೇರಿ ನಮ್ಮ ಟಿಪ್ಪಣಿ, ಫೋಟೋಗಳನ್ನು ಕಳಿಸಿದೆವು. ಬಂದು ನೋಡಿದ ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡರು. ಮರಿ ಹಾರುವ ತನಕ ಕಾಲುದಾರಿಗೆ ಅಡ್ಡಪಟ್ಟಿ ಕಟ್ಟಿದರು. ಆಮೇಲೆ ಕೊಂಬೆಯ ಭಾರದ ತುದಿಯನ್ನಷ್ಟೇ ಕತ್ತರಿಸಿ ಪೊಟರೆಯ ಭಾಗವನ್ನು ಬಿಟ್ಟರು. ಮಕ್ಕಳೂ ಸೈಕಲ್ ಓಡಿಸುತ್ತಿದ್ದಾರೆ, ಪೊಟರೆಯೂ ಇದೆ.

ಇಂಥ ಒಂದೊಂದು ಕೊಂಬೆಗೂ ಯಾಕೆ ಇಷ್ಟು ಓಡಾಡಬೇಕು? ಕ್ಯಾನ್‌ಬೆರಾದ ಬಗ್ಗೆಯೇ 2014ರಲ್ಲಿ ಒಂದು ಅಧ್ಯಯನ ಬಂತು. ಈಗಿನ ರೀತಿಯಲ್ಲೇ ಮರ ಕಡಿಯುತ್ತಾ, ನೆಡುತ್ತಾ ಹೋದರೆ ನಗರದ ಹಸಿರು ಜಾಗಗಳ ಪೊಟರೆ ಮರಗಳು ಮುನ್ನೂರು ವರ್ಷಗಳಲ್ಲಿ ಶೇಕಡಾ 87ರಷ್ಟು ಕಡಿಮೆಯಾಗುತ್ತವೆ ಎಂದು ಅದು ಲೆಕ್ಕ ಹಾಕಿತು. 2018ರಲ್ಲಿ ಇಲ್ಲಿನ ಆಡಳಿತ ಹಳೆಯ ಮರಗಳ ನಾಶವನ್ನೇ ವನ್ಯಜೀವಿಗಳಿಗೆ ದೊಡ್ಡ ಅಪಾಯವೆಂದು ಅಧಿಕೃತವಾಗಿ ಪಟ್ಟಿ ಮಾಡಿತು. ಒಂದು ಮರ ಕಡಿದರೆ ಹತ್ತು ಸಸಿ ನೆಡುತ್ತೇವೆ ಎಂಬ ಭರವಸೆ ಈ ಹಕ್ಕಿಯ ಎದುರು ನಿಲ್ಲುವುದಿಲ್ಲ. ಇಂದು ನೆಟ್ಟ ಸಸಿಯಲ್ಲಿ ನನ್ನ ಮೊಮ್ಮಕ್ಕಳ ಕಾಲಕ್ಕೂ ಪೊಟರೆ ಬರುವುದಿಲ್ಲ. ಮರದ ಹಲಗೆಯ ಪೆಟ್ಟಿಗೆ ಕಟ್ಟಬಹುದು, ಕಟ್ಟುತ್ತಿದ್ದಾರೆ ಕೂಡ. ಆದರೆ ತೆಳು ಹಲಗೆ ಬೇಸಿಗೆಯಲ್ಲಿ ಕಾಯುತ್ತದೆ, ಚಳಿಯಲ್ಲಿ ತಣ್ಣಗಾಗುತ್ತದೆ. ದಪ್ಪ ಕಾಂಡದೊಳಗಿನ ಹದ ಅದಕ್ಕೆ ಬರುವುದಿಲ್ಲ.

ನೋಡುವವರಿಗೆ ಒಂದೆರಡು ಮಾತು. ಹಕ್ಕಿ ನಿಮ್ಮನ್ನೇ ನೋಡುತ್ತಾ ಕೂತರೆ ನೀವು ತೀರಾ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಪೊಟರೆಯ ನೇರ ಕೆಳಗೆ ನಿಲ್ಲಬೇಡಿ. ಟಾರ್ಚ್, ಡ್ರೋನ್, ಕೋಲಿಗೆ ಕಟ್ಟಿದ ಮೊಬೈಲ್ ಯಾವುದೂ ಬೇಡ. ಮೊಬೈಲಿನಲ್ಲಿ ದನಿ ಹಾಕಿ ಕರೆಯಬೇಡಿ. ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಬೇಡಿ. ಪ್ರೀತಿಯಿಂದಲೇ ಆದರೂ ತಟ್ಟೆಯಲ್ಲಿ ಕಾಳು ಇಡಬೇಡಿ. ಒಂದೇ ತಟ್ಟೆಗೆ ಹತ್ತಾರು ಹಕ್ಕಿ ಬಂದರೆ ಕೊಕ್ಕು ಮತ್ತು ಗರಿಯನ್ನು ಕೆಡಿಸುವ ಸೋಂಕು ಹರಡುತ್ತದೆ. ಗಿಳಿಜಾತಿಗೆ ಅದು ಮಾರಕ. ನೀರು ಇಡಬಹುದು, ದಿನಾ ತೊಳೆದ ತೊಟ್ಟಿಯಲ್ಲಿ.

ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ನಿಮ್ಮ ಹಿತ್ತಲಿನ ಬೇಲಿಯಾಚೆ ದೊಡ್ಡ ಗಮ್ ಮರವೊಂದು ಇದ್ದೇ ಇರುತ್ತದೆ. ಗ್ಯಾಂಗ್-ಗ್ಯಾಂಗ್ ಎಲ್ಲ ಕಡೆ ಸಿಗದಿರಬಹುದು. ಗಲಾ, ಕೊರೆಲ್ಲಾ ಎಂಬ ಬಿಳಿ ಕಾಕಟೂ, ಹಳದಿ ಜುಟ್ಟಿನದು ಖಂಡಿತ ಸಿಗುತ್ತವೆ. ಪರ್ತ್‌ನಲ್ಲಿರುವವರಾದರೆ ಕಾರ್ನಬಿ ಎಂಬ ಕಪ್ಪು ಕಾಕಟೂ ಸಂಜೆ ಗುಂಪಾಗಿ ಮಲಗುವ ಮರಗಳಲ್ಲಿ ಆ ಹಕ್ಕಿಗಳನ್ನು ಎಣಿಸುವ 'ಗ್ರೇಟ್ ಕಾಕಿ ಕೌಂಟ್'ಗೆ ಸೇರಬಹುದು. ಆಗಸ್ಟ್‌ನಿಂದ ಜನವರಿಯವರೆಗೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹದಿನೈದು ನಿಮಿಷ ಆ ಮರದ ಕಡೆ ನೋಡಿ. ಯಾವ ಕೊಂಬೆಯ ಬಾಯಿಗೆ ಯಾರು ಬಂದರು, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಕನ್ನಡದಲ್ಲೇ ಬರೆದಿಡಿ, ಪರವಾಗಿಲ್ಲ. ಕಳಿಸುವಾಗ ಬದಲಿಸಿಕೊಂಡರಾಯಿತು. ಆ ಮರ ಕಡಿಯುವ ಬಗ್ಗೆ ನೋಟೀಸ್ ಅಂಟಿಸಿದ್ದು ಕಂಡರೆ, ಅಭಿಪ್ರಾಯ ಹೇಳಲು ಕೊಟ್ಟಿರುವ ಕೊನೆಯ ತಾರೀಖನ್ನು ಮೊದಲು ಓದಿ, ಅಷ್ಟರೊಳಗೆ ನಿಮ್ಮ ಪುಸ್ತಕದ ಪುಟಗಳನ್ನು ಕಳಿಸಿ.